ಯೂನಿಕ್ಸ್ ಸರ್ವರ್‌ನ ಉಪಕ್ರಮ ಮತ್ತು ಉಪಸಂಹಾರ

ಸಂಡೂರು ತಾಲ್ಲೂಕಿನ ಯಶವಂತನಗರದಂತಹ ಊರಿನ ಪಾಠಶಾಲೆಯೊಂದು ಸುತ್ತಣ ಹಳ್ಳಿಗಳ ಹಾಡು, ಗಾದೆ, ಸ್ಥಳನಾಮಗಳನ್ನು ಸಂಗ್ರಹಿಸಿ ಒಂದು ಸರ್ವರ್‌ನಲ್ಲಿ ಇರಿಸಿದೆಯೆಂದು ಊಹಿಸಬಹುದು. ವಿದ್ಯುತ್ತು ಹಠಾತ್ತಾಗಿ ನಿಂತರೆ ಆ ಸಂಗ್ರಹಕ್ಕೆ ಒದಗುವ ಅಪಾಯವೇನು? ಬರೆದುದೆಲ್ಲವೂ ಬರೆದ ಕ್ಷಣದಲ್ಲಿಯೇ ಡಿಸ್ಕನ್ನು ಸೇರುವುದಿಲ್ಲ; ಕೆಲಕಾಲ ಮೆಮೊರಿಯಲ್ಲಿದ್ದು ಆಮೇಲೆ ಡಿಸ್ಕಿಗೆ ಇಳಿಯುವುದು. ನಡುವೆ ವಿದ್ಯುತ್ತು ತಪ್ಪಿದರೆ ಮೆಮೊರಿಯಲ್ಲಿದ್ದ ಭಾಗವು ನಷ್ಟವಾಗುವುದು. ಆದಕಾರಣ ಸರ್ವರ್‌ನ ಉಪಕ್ರಮಕ್ಕಿಂತಲೂ ಉಪಸಂಹಾರವೇ ಹೆಚ್ಚು ವಿಚಾರಾರ್ಹವಾದುದು. ರೂಢಿಯಲ್ಲಿ ಉಪೇಕ್ಷೆಗೊಳಗಾಗಿರುವುದೂ ಅದೇ.

ಯೂನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರಿಂದ ಹುಟ್ಟಿತು. ಯಂತ್ರವು ಚಾಲನೆಗೊಂಡೊಡನೆ ಕರ್ನೆಲ್ ಎಚ್ಚತ್ತು ‘ಇನಿಟ್’ ಎಂಬ ಪ್ರೋಗ್ರಾಮನ್ನು ಹೊರಡಿಸುವುದು. ಅದರ ಸಂಖ್ಯೆ 1. ಮಿಕ್ಕ ಸೇವೆಗಳೆಲ್ಲ ಅದರ ಸಂತತಿ. 1983ರ ‘ಸಿಸ್ಟಮ್ ಫೈವ್’ ಪದ್ಧತಿಯಲ್ಲಿ ಯಂತ್ರದ ಅವಸ್ಥೆಗಳಿಗೆ ಅಂಕಗಳುಂಟು: 0 ನಿಲುಗಡೆ, 6 ಪುನರಾರಂಭ. ಒಂದೊಂದು ಅವಸ್ಥೆಗೂ ಸೇರಿದ ಕಡತಗಳಲ್ಲಿ ‘ಎಸ್’ ಅಕ್ಷರದಿಂದ ಮೊದಲಾಗುವುವು ಸೇವೆಯನ್ನು ಆರಂಭಿಸತಕ್ಕವು, ‘ಕೆ’ಯಿಂದ ಮೊದಲಾಗುವುವು ನಿಲ್ಲಿಸತಕ್ಕವು. ಅಕ್ಷರದ ಮುಂದಿನ ಎರಡಂಕಿಯೇ ಸರದಿ. ಎಸ್20 ಎಂಬುದು ಎಸ್80ಕ್ಕಿಂತ ಮೊದಲು. ನಿಘಂಟಿನ ಅಕಾರಾದಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದರೆ ಅಂಕಿಯು ಸರದಿಯನ್ನು ಹೇಳುವುದೇ ಹೊರತು ಅದರ ಕಾರಣವನ್ನು ಹೇಳದು.

ಯೂನಿಕ್ಸಿನ ಮಾದರಿಯಲ್ಲಿ ರಚಿತವಾದ ಲಿನಕ್ಸಿಗೆ 2010ರಲ್ಲಿ ಬಂದ ‘ಸಿಸ್ಟಮ್‌ಡಿ’ಯು ಇವೆರಡನ್ನೂ ಬೇರ್ಪಡಿಸಿತು. ‘ರಿಕ್ವೈರ್ಸ್’ ಎಂಬುದು ಒಂದು ಸೇವೆಗೆ ಮತ್ತೊಂದು ಬೇಕೆಂಬುದನ್ನೂ, ‘ಆಫ್ಟರ್’ ಎಂಬುದು ಯಾವುದರ ತರುವಾಯ ಯಾವುದೆಂಬುದನ್ನೂ ತಿಳಿಸುವುವು. ‘ಕಡಿದನು’ ಎಂಬ ಕ್ರಿಯಾಪದಕ್ಕೆ ಕರ್ಮದ ಆಕಾಂಕ್ಷೆಯುಂಟು. ಆ ಕರ್ಮಪದವು ಕ್ರಿಯೆಗಿಂತ ಮುಂಚೆ ನಿಲ್ಲಬೇಕೆ ಎಂಬುದು ಬೇರೆ ಮಾತು. ಇಲ್ಲಿಯೂ ಹಾಗೆಯೇ. ಸಂಗ್ರಹವನ್ನು ಓದುಗರಿಗೆ ತೋರಿಸುವ ಸೇವೆಗೆ ಡೇಟಾಬೇಸ್ ‘ಬೇಕು’ ಎಂದಷ್ಟೇ ಬರೆದರೆ ಎರಡೂ ಏಕಕಾಲದಲ್ಲಿ ಹೊರಡುವುವು. ಡೇಟಾಬೇಸ್ ಸಿದ್ಧವಾಗುವ ಮುನ್ನವೇ ತೋರಿಸುವ ಸೇವೆಯು ಅದನ್ನು ಕೇಳಿ ವಿಫಲವಾಗಬಹುದು. ‘ಆಫ್ಟರ್’ ಎಂಬುದನ್ನೂ ಸೇರಿಸಿದರೆ ಡೇಟಾಬೇಸ್ ಮೊದಲು ಏಳುವುದು. ಅದಕ್ಕೂ ಮುಖ್ಯವಾಗಿ, ನಿಲ್ಲುವಾಗ ಈ ಕ್ರಮವು ತಾನಾಗಿಯೇ ತಿರುಗುಮುರುಗಾಗುವುದು: ತೋರಿಸುವ ಸೇವೆ ಮೊದಲು ನಿಂತು, ಡೇಟಾಬೇಸ್ ಆಮೇಲೆ ನಿಲ್ಲುವುದು.

ನಿಲ್ಲಿಸುವಾಗ ಮೊದಲು ‘ಸಿಗ್‌ಟರ್ಮ್’ ಎಂಬ ಸೌಮ್ಯ ಸೂಚನೆ ಹೋಗುವುದು. ಸಾಮಾನ್ಯವಾಗಿ 90 ಸೆಕೆಂಡು ಕಾದು, ಸೇವೆಯು ಆಗಲೂ ನಿಲ್ಲದಿದ್ದರೆ ‘ಸಿಗ್‌ಕಿಲ್’ ಎಂಬುದರಿಂದ ಅದನ್ನು ಕೊನೆಗಾಣಿಸಲಾಗುವುದು. ದೊಡ್ಡ ಡೇಟಾಬೇಸಿಗೆ ಈ ಅವಧಿ ಸಾಲದಿದ್ದರೆ ಹೆಚ್ಚಿಸತಕ್ಕದ್ದು. ಆದರೆ ಕಾಯುವ ಕಾಲವೆಲ್ಲ ಯು.ಪಿ.ಎಸ್. ಬ್ಯಾಟರಿಯ ಮಿತಿಯೊಳಗೇ ಅಡಗಬೇಕು. ಬ್ಯಾಟರಿ ಹತ್ತು ನಿಮಿಷ ತಾಳುವುದಾದರೆ ನಿಲುಗಡೆಯ ಆಜ್ಞೆಯು ಒಂಬತ್ತನೆಯ ನಿಮಿಷದಲ್ಲಿ ಹೊರಡುವುದು ತರವಲ್ಲ.

ಇನ್ನೊಂದು ಸೂಕ್ಷ್ಮವುಂಟು. ಸರ್ವರ್ ನಿಲ್ಲುತ್ತಿರುವಾಗಲೇ ವಿದ್ಯುತ್ತು ಮರಳಿ ಬಂದರೆ ಯಂತ್ರದ ದೃಷ್ಟಿಯಲ್ಲಿ ವಿದ್ಯುತ್ತು ತಪ್ಪಿಯೇ ಇರುವುದಿಲ್ಲ. ಆದುದರಿಂದ ಒಮ್ಮೆ ನಿಂತ ಮೇಲೆ ಅದು ತಾನಾಗಿ ಏಳುವುದೂ ಇಲ್ಲ. ಇದಕ್ಕಾಗಿ ಕಟ್ಟಕಡೆಗೆ ಯು.ಪಿ.ಎಸ್.ಗೆ ಆಜ್ಞೆಯಿತ್ತು ಅದರ ಹೊರಹರಿವನ್ನು ಸ್ವಲ್ಪ ಹೊತ್ತು ಕಡಿಯಿಸುವರು. ಜತೆಗೆ, ವಿದ್ಯುತ್ತು ಬಂದೊಡನೆ ಯಂತ್ರವು ಏಳುವಂತೆ ಅದರ ಬಯಾಸ್‌ನಲ್ಲಿ ಮೊದಲೇ ವಿಧಿಸಿರಬೇಕು.