ಮಹಾಮಾರಿಯ ಕಾಲದಲ್ಲಿ ಒಂದು ನರರೋಗ

ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ಹೆಸರನ್ನು ಕೃಷ್ಣಾ ತೀರದ ನಮ್ಮ ಹಳ್ಳಿಗಳಲ್ಲಿ ಕೇಳಿದವರು ಕಡಿಮೆ. ಅದು ಶೀತದೇಶಗಳ ರೋಗ, ನಮ್ಮಲ್ಲಿ ಅತಿ ವಿರಳ ಎಂದೇ ವೈದ್ಯರೂ ಬಹುಕಾಲ ಭಾವಿಸಿದ್ದರು. ಡಾ. ಲೇಖಾ ಪಂಡಿತ್ ಮತ್ತು ಅವರ ಸಹೋದ್ಯೋಗಿ ಮಂಗಳೂರು ನಗರದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಈ ರೋಗವಿರುವುದು ಕಂಡುಬಂತು. ಸಂಖ್ಯೆ ಸಣ್ಣದು, ಆದರೆ ರೋಗ ಹಿಡಿಯುವುದು ಬಹುಮಟ್ಟಿಗೆ 20ರಿಂದ 40ರ ದುಡಿಯುವ ವಯಸ್ಸಿನಲ್ಲಿ, ಅದರಲ್ಲಿಯೂ ಹೆಂಗಸರನ್ನು ಹೆಚ್ಚಾಗಿ.

ಪಂಪ್‌ಸೆಟ್ಟಿನ ತಂತಿಯ ಮೇಲಿನ ರಬ್ಬರು ಅಲ್ಲಲ್ಲಿ ಕಿತ್ತುಹೋದರೆ ವಿದ್ಯುತ್ತು ಸರಿಯಾಗಿ ಮುಟ್ಟುವುದಿಲ್ಲ. ನಮ್ಮ ನರತಂತುಗಳಿಗೂ ಮಯಲಿನ್ ಎಂಬ ಹೊದಿಕೆಯುಂಟು. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಆ ಹೊದಿಕೆಯನ್ನು ಕಿತ್ತುಹಾಕುವುದೇ ಈ ರೋಗ. ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಆದ್ದರಿಂದ ಚಿಕಿತ್ಸೆಯೆಂದರೆ ಆ ರಕ್ಷಣಾ ವ್ಯವಸ್ಥೆಗೇ ಲಗಾಮು ಹಾಕುವುದು. 2020ರಲ್ಲಿ ಕೋವಿಡ್ ಬಂದಾಗ ರೋಗಿಗಳನ್ನು ಕಾಡಿದ ಪ್ರಶ್ನೆಯೂ ಇದೇ: ಲಗಾಮು ಹಾಕಿಕೊಂಡವರು ಸೋಂಕಿಗೆ ಬಲಿಯಾಗುವುದಿಲ್ಲವೇ? ಔಷಧಿ ಬಿಡುವುದು ಲೇಸಲ್ಲವೇ?

ಭಯ ಸಹಜವಾದುದು, ಆದರೆ ಅದು ಅಪಾಯವನ್ನು ಹುಡುಕಿದ್ದು ಬೇರೆಡೆಯಲ್ಲಿ. ಫ್ರಾನ್ಸಿನ ವೈದ್ಯರು 2020ರಲ್ಲಿಯೇ ಇಂಥ 347 ರೋಗಿಗಳ ವಿವರ ಕಲೆಹಾಕಿದರು. ಕೋವಿಡ್ ಉಲ್ಬಣಿಸಲು ಕಾರಣವಾಗಿ ಎದ್ದು ಕಂಡವು ಮೂರು: ವಯಸ್ಸು, ಬೊಜ್ಜು ಮತ್ತು ನಡೆಯಲಾರದ ಅಂಗವೈಕಲ್ಯ. ಮೂರನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಸಿಗೆ ಹಿಡಿದವರ ಎದೆಯ ಸ್ನಾಯುಗಳು ಸೋತಿರುತ್ತವೆ. ಕೆಮ್ಮಿ ಕಫ ಹೊರಹಾಕುವ ಕಸುವಿರುವುದಿಲ್ಲ. ನುಂಗುವಾಗ ಅನ್ನದಗುಳು ಶ್ವಾಸನಾಳಕ್ಕೆ ಜಾರಬಹುದು. ಮೂತ್ರಕೋಶ ಪೂರ್ತಿ ಬರಿದಾಗದೆ ಅಲ್ಲಿಯೂ ಸೋಂಕು ಮನೆಮಾಡುತ್ತದೆ. ನೆಟ್ಟಗೆ ಓಡಾಡಿಕೊಂಡಿರುವ ಮೂವತ್ತರ ತರುಣಿಗೆ ರೋಗದ ಹೆಸರೊಂದರಿಂದಲೇ ಅಂಥ ವಿಶೇಷ ಗಂಡಾಂತರವೇನೂ ಇರಲಿಲ್ಲ.

ಔಷಧಿಗಳೆಲ್ಲ ಒಂದೇ ತೂಕದವಲ್ಲ. ಇಂಟರ್‌ಫೆರಾನ್ ಚುಚ್ಚುಮದ್ದು ಕೋವಿಡ್ ಅಪಾಯವನ್ನು ಹೆಚ್ಚಿಸಲಿಲ್ಲ. ನಮ್ಮ ದೇಶದಲ್ಲಿ ಬೆಲೆಯ ಅನುಕೂಲದಿಂದ ಬಹಳ ಬಳಕೆಯಲ್ಲಿರುವ ರಿಟುಕ್ಸಿಮ್ಯಾಬ್ ಮತ್ತು ಅದೇ ಜಾತಿಯ ಓಕ್ರೆಲಿಜುಮ್ಯಾಬ್ ಪಡೆದವರಲ್ಲಿ ಕಾಯಿಲೆ ಉಲ್ಬಣಿಸುವ ಸಂಭವ ಹೆಚ್ಚೆಂದು ಇಟಲಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಹಾಗೆಂದು ಯಾವುದನ್ನೂ ತಾನಾಗಿ ನಿಲ್ಲಿಸಲಾಗದು. ಫಿಂಗೋಲಿಮಾಡ್ ಗುಳಿಗೆಯನ್ನು ಥಟ್ಟನೆ ಬಿಟ್ಟರೆ ನರರೋಗ ಮೊದಲಿಗಿಂತ ಉಗ್ರವಾಗಿ ಮರಳುವುದುಂಟು. ಕೋವಿಡ್‌ನಿಂದ ಪಾರಾಗಿ ಕಾಲು ಕಳೆದುಕೊಂಡರೆ ಏನು ಬಂತು?

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜನ್ನು ಬಲ್ಲವರಿಗೆ ಲಸಿಕೆಯ ವಿಚಾರ ಬೇಗ ತಿಳಿದೀತು. ಹೊಳೆಯಲ್ಲಿ ನೀರಿದ್ದಾಗಲೇ ಹಿಡಿದಿಟ್ಟುಕೊಳ್ಳಬೇಕು. ಬತ್ತಿದ ಮೇಲೆ ಬಾಗಿಲು ಇಳಿಸಿದರೆ ಫಲವಿಲ್ಲ. ರಿಟುಕ್ಸಿಮ್ಯಾಬ್ ರಕ್ತದಲ್ಲಿನ ಬಿ ಕಣಗಳನ್ನು ತಿಂಗಳುಗಟ್ಟಲೆ ಬತ್ತಿಸುತ್ತದೆ. ಲಸಿಕೆಗೆ ಉತ್ತರವಾಗಿ ಪ್ರತಿಕಾಯಗಳನ್ನು ಹುಟ್ಟಿಸುವುದು ಆ ಕಣಗಳ ವಂಶವೇ. ಆದುದರಿಂದ ಸಾಧ್ಯವಾದರೆ ಔಷಧಿ ಆರಂಭಿಸುವ ಕೆಲವು ವಾರ ಮೊದಲೇ ಲಸಿಕೆ ಹಾಕಿಸಬೇಕು. ಈಗಾಗಲೇ ಪಡೆಯುತ್ತಿದ್ದವರು ಎರಡು ಸರದಿಗಳ ನಡುವಿನ ಕೊನೆಯ ಭಾಗದಲ್ಲಿ ಹಾಕಿಸಿ, ಮುಂದಿನ ಸರದಿಯನ್ನು ನಾಲ್ಕು ವಾರವಾದರೂ ತಡೆದು ಪಡೆಯುವುದು ಹಿತ. ಸಮಯ ಕೂಡಿಬಾರದಿದ್ದರೂ ಲಸಿಕೆ ತೀರ ವ್ಯರ್ಥವಲ್ಲ, ಟಿ ಕಣಗಳು ತಮ್ಮ ಪಾಠವನ್ನು ಕಲಿತಿರುತ್ತವೆ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಮೈ ಬಿಸಿಯೇರಿದರೆ ಈ ರೋಗಿಗಳ ಹಳೆಯ ಲಕ್ಷಣಗಳು ಮರಳಿ ಕಾಣಿಸಿಕೊಳ್ಳುತ್ತವೆ. ನಮ್ಮ ಕಡೆಯ ಏಪ್ರಿಲ್ ಬಿಸಿಲೇ ಅದಕ್ಕೆ ಸಾಕು. ಜ್ವರವಂತೂ ಹೇಳಬೇಕಾದುದೇ ಇಲ್ಲ. ಕಾಲು ಸೋತಿತೆಂದು ಮನೆಯವರು ಗಾಬರಿಯಾಗುತ್ತಾರೆ, ರೋಗ ಮರುಕಳಿಸಿತೆಂದು ಸ್ಟೀರಾಯ್ಡ್ ಸುರಿಯಲಾಗುತ್ತದೆ. ಇಟಲಿಯ ಅದೇ ವರದಿಯಲ್ಲಿ, ಹಿಂದಿನ ಒಂದು ತಿಂಗಳೊಳಗೆ ಮೀಥೈಲ್‌ಪ್ರೆಡ್ನಿಸೊಲೋನ್ ಪಡೆದಿದ್ದವರಿಗೆ ಕೋವಿಡ್ ಹೆಚ್ಚು ತೀವ್ರವಾಗಿತ್ತು. ಆಮೇಲೆ ಉಸಿರು ಕುಂದಿ ಆಮ್ಲಜನಕ ಬೇಕಾದಾಗ ಕೊಡುವ ಡೆಕ್ಸಾಮೆಥಾಸೋನ್‌ನ ಸಂಗತಿ ಬೇರೆ. ಹೀಗಾಗಿ ಕಾಲು ಸೋತ ದಿನ ಮೊದಲು ಥರ್ಮಾಮೀಟರ್ ಇಟ್ಟು ನೋಡಬೇಕು, ಗಂಟಲು ದ್ರವದ ಜೊತೆಗೆ ಮೂತ್ರದ ಪರೀಕ್ಷೆಯನ್ನೂ ಮಾಡಿಸಬೇಕು. ಸ್ಟೀರಾಯ್ಡಿನ ಮಾತು ಅದರ ನಂತರ.