ದಫ್ಫೋ ದಪ್ಪೋ?

ಕಳೆದ ಮಳೆಗಾಲದಲ್ಲಿ ಶಿಕಾರಿಪುರದ ಒಂದು ನಿಕಾಹ್‌ಗೆ ಸೊರಬದಿಂದ ನಮ್ಮ ಮದ್ರಸದ ಮಕ್ಕಳನ್ನು ದಫ್ ಬಾರಿಸಲು ಕರೆದುಕೊಂಡು ಹೋಗಿದ್ದೆವು. ಥಂಡಿಗೆ ಚರ್ಮ ಸಡಿಲಾಗಿ ನಾದವೇ ಏಳಲಿಲ್ಲ. ಅಡುಗೆಯವರ ಒಲೆ ಹತ್ತಿರ ಹಿಡಿದು ಕಾಯಿಸುತ್ತಿದ್ದಾಗ ಪಕ್ಕದ ಮನೆಯ ಅಜ್ಜರೊಬ್ಬರು ಬಂದು, "ನಿಮ್ದೂ ದಪ್ಪೇ ಅಲ್ವಾ ಸಾಬ್ರೇ? ಗೀಗಿ ಮೇಳದಲ್ಲೂ ಇದೇ" ಎಂದರು. ನಮ್ಮ ಹುಡುಗನೊಬ್ಬ ಮುಖ ಸಿಂಡರಿಸಿ, "ಉಸ್ತಾದ್, ಇದು ದಫ್ಫು, ದಪ್ಪು ಅಲ್ಲ ಅಲ್ವಾ?" ಎಂದ.

ಅಜ್ಜರ ಮಾತೇ ಸರಿ. ಅರಬಿಯಲ್ಲಿ ಇದು ದುಫ್ಫ್; ದಫ್ಫ್ ಎಂದೂ ಓದುತ್ತಾರೆ. ದಫ್ಫ್ ಎಂದರೆ ಪಕ್ಕ, ಮಗ್ಗುಲು ಎಂಬ ಅರ್ಥವೂ ಉಂಟು. ಹೀಬ್ರೂವಿನ ತೋಫ್ ಇದರ ದಾಯಾದಿ. ಸ್ಪೇನಿಗೆ ಹೋದ ಅದ್ದುಫ್ಫ್ ಅಲ್ಲಿ ಅದುಫೆ ಆಯಿತು. ಫಕಾರ ಒಗ್ಗದ ಕನ್ನಡದ ನಾಲಿಗೆ ದಪ್ಪು ಎಂದಿತು, ಅಷ್ಟೇ.

ನಿಕಾಹನ್ನು ಎಲ್ಲರಿಗೂ ತಿಳಿಸಿ, ದಫ್ ಬಾರಿಸಿ ಎಂಬರ್ಥದ ಹದೀಸ್ ತಿರ್ಮಿದಿಯಲ್ಲಿದೆ. ಇಬ್ನು ಮಾಜದ ವರದಿಯಲ್ಲಿ ದಫ್ಫಿನ ಜಾಗದಲ್ಲಿ 'ಗಿರ್ಬಾಲ್' ಎಂದಿದೆ, ಅಂದರೆ ಜರಡಿ. (ಅದರ ಸನದು ದುರ್ಬಲ ಎನ್ನುತ್ತಾರೆ, ಪದ ಮಾತ್ರ ಬಹಳ ಚೆಂದ.) ಮರದ ಬಳೆ, ಒಂದು ಬದಿಗೆ ಚರ್ಮ, ಇನ್ನೊಂದು ಬದಿ ಖಾಲಿ. ಉಮ್ಮಂದಿರು ಹಿಟ್ಟು ಜಾಲಿಸುವ ಜರಡಿಯ ಆಕಾರವೇ ಅಲ್ಲವೇ?

ಇಷ್ಟನ್ನೂ ಅಲ್ಲೇ ಒಲೆ ಮುಂದೆ ಹುಡುಗನಿಗೆ ಹೇಳಿ, ಒಂದು ದಫ್ ಅಜ್ಜರ ಕೈಗೆ ಕೊಟ್ಟೆವು. ಅವರು ಬೆರಳಿನಿಂದ ತಟ್ಟಿ ಕಿವಿಗಿಟ್ಟು, "ಇನ್ನೂ ಸ್ವಲ್ಪ ಕಾಯ್ಲಿ" ಎಂದರು. ಅದೇ ಹುಡುಗ ಇಸಿದುಕೊಂಡು ಒಲೆ ಕಡೆ ಓಡಿದ.