ಎರಡು ಮನೆಯ ಕೂಸು

ಎರಡು ಮನೆತನಗಳು ಬೀಗತನ ಬೆಳೆಸಿ, ಹುಟ್ಟಿದ ಕೂಸನ್ನು ಇತ್ತ ಕಡೆಯವರೂ ಅತ್ತ ಕಡೆಯವರೂ ತಮ್ಮದೆನ್ನದಿದ್ದರೆ ಅದರ ಗತಿಯೇನು? ಜರ್ಮನಿಯ ‘೯೧೪’ ಕಾರಿನ ಪಾಡು ಇದೇ ಆಯಿತು.

೧೯೬೯ರಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಪೋರ್ಷೆ ಸಂಸ್ಥೆಗಳು ಕೂಡಿ ಇದನ್ನು ಹೊರತಂದವು. ಸಾಮಾನ್ಯ ಮಾದರಿಗೆ ಒದಗಿದ್ದು ಫೋಕ್ಸ್‌ವ್ಯಾಗನ್ನಿನ ನಾಲ್ಕು ಸಿಲಿಂಡರುಗಳ ಎಂಜಿನ್. ಅಷ್ಟೇ ಸಾಕಾಯಿತು, ‘ಇದು ಅಸಲು ಪೋರ್ಷೆಯಲ್ಲ’ ಎಂದು ಹಲವರು ಮೂಗು ಮುರಿದರು.

ಎಂಜಿನ್ ಯಾರದೆಂದು ಕೇಳಿದವರು ಅದು ಎಲ್ಲಿದೆಯೆಂದು ನೋಡಲಿಲ್ಲ. ಎರಡೇ ಆಸನಗಳ ಬೆನ್ನಿಗೆ, ಹಿಂದಿನ ಅಚ್ಚಿಗೆ ಮುಂದಾಗಿ ಅದು ಕುಳಿತಿದೆ. ಭಾರವು ನಡುವೆ ನೆಲೆಸಿರುವುದರಿಂದ ತಿರುವುಗಳಲ್ಲಿ ಕಾರು ಚುರುಕಾಗಿ ಹೊರಳುತ್ತದೆ. ೧೯೭೦ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ನಡೆದ ೨೪ ಗಂಟೆಗಳ ಪಂದ್ಯದಲ್ಲಿ ಆರು ಸಿಲಿಂಡರುಗಳ ೯೧೪ ಒಟ್ಟಾರೆ ಆರನೆಯದಾಗಿ ಬಂದು, ತನ್ನ ವರ್ಗದಲ್ಲಿ ಗೆದ್ದಿತು. ಆದರೂ ಅಪವಾದ ಅಳಿಯಲಿಲ್ಲ. ೧೯೭೬ರಲ್ಲಿ ತಯಾರಿಕೆ ನಿಂತಿತು.

ದಶಕಗಳಿಂದ ಇದನ್ನು ಸಾಕಿಕೊಂಡು ಬಂದವರು ಇದರ ದೋಷವನ್ನು ಮುಚ್ಚಿಡುವುದಿಲ್ಲ. ಎಂಜಿನ್ನಿನ ಬಲಬದಿಯಲ್ಲಿರುವ ಬ್ಯಾಟರಿಯಿಂದ ಆಮ್ಲವೂ ಮಳೆನೀರೂ ತೊಟ್ಟಿಕ್ಕಿ, ಒಡಲನ್ನು ಹೊತ್ತಿರುವ ಉಕ್ಕಿನ ತೊಲೆಗೆ ತುಕ್ಕು ಹಿಡಿಯುತ್ತದೆ. ಆ ಮೂಲೆಗೆ ಅವರಿಟ್ಟ ಹೆಸರು ‘ನರಕದ ಕುಳಿ’. ತೊಲೆ ಕುಸಿದರೆ ಬಾಗಿಲೂ ನೆಟ್ಟಗೆ ಮುಚ್ಚದು. ಕೊಳ್ಳಬಯಸುವವನು ಬಣ್ಣಕ್ಕೆ ಮರುಳಾಗದೆ, ಮೊದಲು ಅಲ್ಲಿಗೆ ದೀಪ ಹಿಡಿಯಬೇಕು.

ಹೀಗೆ ತುಕ್ಕು ಕೆರೆದು, ಬೆಸುಗೆ ಹಾಕಿಸಿ ಕಾರನ್ನು ಉಳಿಸಿಕೊಂಡವರನ್ನು ‘ಇದು ನಿಜವಾದ ಪೋರ್ಷೆಯೇ?’ ಎಂದು ಕೇಳುವವರು ಈಗಲೂ ಇದ್ದಾರೆ. ಬಲ್ಲವರು ವಾದಕ್ಕಿಳಿಯುವುದಿಲ್ಲ. ಕೇಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂಕುಡೊಂಕಿನ ಹಾದಿಯಲ್ಲಿ ಒಂದು ಸುತ್ತು ಹೋಗಿಬರುತ್ತಾರೆ.